ಪಾಪ ಎಂದು ಹಾಕಿದ ಸುಣ್ಣ

ಇವತ್ತು ಪ್ರಯೋಗಾಲಯದ ಬೀರುವಿನ ಕೆಳಗಿನ ಖಾನೆ ತೆರೆದರೆ ಸುಣ್ಣದ ಡಬ್ಬಿಯೊಂದು ಸಿಕ್ಕಿತು. ಎಲೆಅಡಿಕೆ ಹಾಕುವವರ ಜೇಬಿನಲ್ಲಿರುತ್ತದಲ್ಲ, ಆ ಪುಟ್ಟ ಡಬ್ಬಿ. ನೋಡಿದ್ದೇ ಮೈ ಉರಿಯಿತು. ಐದು ವರ್ಷವಾದರೂ ಉರಿಯುತ್ತದೆ, ಏನು ಮಾಡಲಿ ಹೇಳಿ.

ನಾನು ಸಾಗರದ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡುವವಳು. ಆಗ ಪಿಎಚ್.ಡಿ.ಗೆ ಒದ್ದಾಡುತ್ತಿದ್ದೆ. ವಿಷಯ ಹೇಳುತ್ತೇನೆ, ಎದ್ದು ಹೋಗಬೇಡಿ. ಕಾರ್ಖಾನೆಗಳಲ್ಲಿ ಲ್ಯಾಕ್ಟಿಕ್ ಆಮ್ಲ ಮಾಡಿಕೊಡುವುದು ಬ್ಯಾಕ್ಟೀರಿಯಾಗಳು. ಸಕ್ಕರೆ ತಿಂದು ಹುಳಿ ಬಿಡುತ್ತವೆ, ಹುಳಿ ಏರಿದರೆ ಅದರಲ್ಲೇ ಸೊರಗುತ್ತವೆ. ಅದಕ್ಕೇ ಕಾರ್ಖಾನೆಯವರು ಸುಣ್ಣ ಸುರಿಯುತ್ತಾರೆ. ಆಮೇಲೆ ಆ ಸುಣ್ಣದಿಂದ ಆಮ್ಲ ಬಿಡಿಸುವುದು ಇನ್ನೊಂದು ರಗಳೆ, ರಾಶಿ ರಾಶಿ ಕಸ. ಸುಣ್ಣದ ಹಂಗಿಲ್ಲದೆ ಹುಳಿ ತಡೆಯುವ ತಳಿ ಬೆಳೆಸಬೇಕೆಂಬುದು ನನ್ನ ಹಟ. ತೀರ್ಥಹಳ್ಳಿಯ ಅತ್ತೆಯ ಮನೆಯಲ್ಲಿ ಮಾವಿನ ಮಿಡಿ ಹಾಕಿಟ್ಟ ಜಾಡಿಯ ಉಪ್ಪುನೀರಿನಿಂದ ಒಂದನ್ನು ಹಿಡಿದು ತಂದು, ವಾರವಾರ ಚೂರುಚೂರೇ ಹುಳಿ ಹೆಚ್ಚಿಸುತ್ತ ಎರಡು ವರ್ಷ ಪಳಗಿಸಿದೆ. ಜಾಡಿ ಕೆಟ್ಟದ್ದು ನನ್ನಿಂದಲೇ ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ.

ಅಷ್ಟರಲ್ಲಿ ತಂಗಿಯ ಮದುವೆ ಬಂತು. ಎಂಟು ದಿನದ ಮಟ್ಟಿಗೆ ಅವುಗಳ ಬಾಟಲಿಯನ್ನು ನಮ್ಮ ಅಟೆಂಡರ್ ಪುಟ್ಟಪ್ಪಣ್ಣನಿಗೆ ಒಪ್ಪಿಸಿದೆ. ಹೊಸನಗರದ ಕಡೆಯವರು, ಬಾಯಿ ಸದಾ ಕೆಂಪು, ಕೆಲಸದಲ್ಲಿ ಅಚ್ಚುಕಟ್ಟು. ದಿನಾ ಒಂದಿಷ್ಟನ್ನು ಹೊಸ ಬಾಟಲಿಗೆ ದಾಟಿಸಿ, ಹುಳಿ ಅಳೆಯುವ ಕಾಗದದ ಪಟ್ಟಿ ಅದ್ದಿ ಬಣ್ಣ ಬರೆದಿಡಿ ಎಂದಿದ್ದೆ. ಬಂದು ನೋಡಿದರೆ ಬಾಟಲಿಯಲ್ಲಿ ಹುಳಿಯ ಸುದ್ದಿಯೇ ಇಲ್ಲ.

"ಕಾಗ್ದ ಕೆಂಪಗಾಗ್ತಿತ್ತು ಮೇಡಂ. ಹುಳಿಗೆ ಒದ್ದಾಡ್ತಾವೇನೋ, ಪಾಪ ಅಂತ ದಿನಾ ಚೂರೇ ಚೂರು ಸುಣ್ಣ ಹಾಕ್ದೆ."

ಪಾಪವಂತೆ! ಹೊಗೆಸೊಪ್ಪು ತಿಕ್ಕಿದ ಬೆರಳಿನ ಸುಣ್ಣ! ಎಂಟು ದಿನದ ಸುಖದಲ್ಲಿ ಹುಳಿ ತಡೆಯದ ಮೆತ್ತನೆಯವೇ ಹೆಚ್ಚಿ ಗಟ್ಟಿಯವು ಮೂಲೆಗೆ ಬಿದ್ದಿದ್ದವು. ಹಳೆಯ ಹುಳಿಗೆ ಮತ್ತೆ ಹಾಕಿದರೆ ಒಂದೂ ಏಳಲಿಲ್ಲ. ಒಂದು ಪಾಲು ಫ್ರೀಜರಿನಲ್ಲಿ ಎತ್ತಿಡಿ ಎಂದು ಮಕ್ಕಳಿಗೆ ಪ್ರತಿ ವರ್ಷ ಬೋಧಿಸುವವಳು ನಾನು. ಎತ್ತಿಟ್ಟಿರಲಿಲ್ಲ. ಗೈಡ್ ಫೋನಿನಲ್ಲಿ ನಕ್ಕುಬಿಟ್ಟರು, ಕಾರ್ಖಾನೆಯವರೂ ಮಾಡುವುದು ಅದನ್ನೇ ಅಲ್ಲವೇ ಎಂದು. ಆ ಸಿಟ್ಟನ್ನೆಲ್ಲ ಪುಟ್ಟಪ್ಪಣ್ಣನ ಮೇಲೆ, ವರಾಂಡದಲ್ಲಿ, ಮಕ್ಕಳೆದುರು ತೀರಿಸಿಕೊಂಡೆ.

"ನಿಮ್ಮ ಕೈಗೆ ಏನೂ ಕೊಡಬಾರದು" ಎಂದೆ. ಮತ್ತೆ ಅತ್ತೆಯ ಮನೆಯ ಜಾಡಿಯಿಂದಲೇ ಶುರುಮಾಡಬೇಕಾಯಿತು, ಪದವಿ ಎರಡು ವರ್ಷ ತಡವಾಗಿ ಬಂತು.

ಇವತ್ತು ಆ ಡಬ್ಬಿಯ ಮುಚ್ಚಳ ತೆಗೆದೆ. ಸುಣ್ಣ ಒಣಗಿ ಕಲ್ಲಾಗಿತ್ತು. ಪುಟ್ಟಪ್ಪಣ್ಣನನ್ನು ಕರೆದು, ಇದು ಇಲ್ಲೇಕಿದೆ ಎಂದು ದಬಾಯಿಸಿಯೇ ಕೇಳಿದೆ.

"ಅವತ್ತಿಂದ ಅಲ್ಲೇ ಐತಲ್ಲ ಮೇಡಂ" ಎಂದು ನಕ್ಕರು. "ಜೇಬಲ್ಲಿದ್ರೆ ಕೈ ಸುಮ್ನಿರಲ್ಲ."

ನಕ್ಕಾಗಲೇ ನೋಡಿದ್ದು, ಬಾಯಿ ಕೆಂಪಗಿರಲಿಲ್ಲ. ಐದು ವರ್ಷದಿಂದ ಈ ಮನುಷ್ಯ ಕಾಲೇಜಿನಲ್ಲಿ ಸುಣ್ಣವಿಲ್ಲದ ಸಪ್ಪೆ ಎಲೆಯನ್ನು ಜಗಿಯುತ್ತಿದ್ದಾರೆ. ದಿನಕ್ಕೆ ಮೂರು ಸಲ ಕಾಗದದ ಬಣ್ಣ ನೋಡುವ ನನಗೆ ಎದುರಿಗಿರುವವರ ಬಾಯಿಯ ಬಣ್ಣ ಕಂಡಿರಲಿಲ್ಲ. ನನ್ನ ಮೇಲೇ ನನಗೆ ರೇಗಿತು.

ಅವರು ಬಾಟಲಿಗಳ ಕಡೆ ನೋಡಿ, "ಈಗ ತಡ್ಕೊಳ್ತಾವಾ ಮೇಡಂ, ಹುಳಿನ?" ಎಂದರು.

"ತಡ್ಕೊಳ್ತಾವೆ ಪುಟ್ಟಪ್ಪಣ್ಣ. ನೀವಿನ್ನು ಎಲೆಗೆ ಸುಣ್ಣ ಹಾಕ್ಕೊಳ್ಳಿ."

ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಕಲ್ಲು ಲೊಟಲೊಟ ಎಂದಿತು. ನಾನು ಪರ್ಸ್ ತೆಗೆದುಕೊಂಡು, ಹೊಸ ಸುಣ್ಣ ತರಲು ಗೇಟಿನಾಚೆಯ ಬೀಡಾ ಅಂಗಡಿಗೆ ಹೊರಟೆ.