ನಾಗಶ್ರೀಗೆ ಬರೆಸಿದ ನಕ್ಷತ್ರ

ನನ್ನ ತಮ್ಮ ಮೂರ್ತಪ್ಪನ ಮಗಳು ನಾಗಶ್ರೀ ಜಾತಕದ ಪ್ರಕಾರ ಮೂರು ದಿನ ಮೊದಲೇ ಹುಟ್ಟಿದವಳು. ಜಾತಕದಲ್ಲಿ ಅವಳು ಭೂಮಿಗೆ ಬಿದ್ದು ಅಳುತ್ತಿದ್ದಾಗ, ನಿಜವಾಗಿ ಇನ್ನೂ ತಾಯಿಯ ಹೊಟ್ಟೆಯಲ್ಲಿ ಒದೆಯುತ್ತಿದ್ದಳು. ಧರ್ಮಪುರದ ಆಸ್ಪತ್ರೆಯಲ್ಲಿ ಮಗುವನ್ನು ಮೊದಲು ಎತ್ತಿಕೊಂಡವಳು ನಾನೇ, ಹಾಗಾಗಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಟ್ಟಿದ್ದು ಆಶ್ಲೇಷಾ ನಕ್ಷತ್ರದಲ್ಲಿ. ಆ ನಕ್ಷತ್ರದ ಸೊಸೆ ಬಂದರೆ ಅತ್ತೆಯ ಜೀವಕ್ಕೆ ಕುತ್ತು ಎಂದು ಯಾರೋ ಕಿವಿ ಊದಿದ್ದೇ ತಡ, ನನ್ನ ತಮ್ಮ ಹಿರಿಯೂರಿನ ಜೋಯಿಸರ ಹತ್ತಿರ ಓಡಿ, ಮೂರು ದಿನ ಹಿಂದಿನ ಆರಿದ್ರಾ ಎಂದು ಬರೆಸಿಕೊಂಡು ಬಂದ. ಅದು ಮಳೆಯ ನಕ್ಷತ್ರ, ಶೇಂಗಾ ಬಿತ್ತುವ ಮನೆಗೆ ತಂಪು ಅಂತೆ. ನಮ್ಮ ತಾತ ಕುರಿ ಕಾಯುವಾಗ ಕುರಿಗೂ ಜಾತಕ ಇರಲಿಲ್ಲ, ತಾತನಿಗೂ ಇರಲಿಲ್ಲ. ನಾಲ್ಕು ಕಾಸು ಕಂಡ ಮೇಲೆ ಹತ್ತಿದ ಚಾಳಿ ಇದು, ನೆನೆದರೆ ಮೈಯುರಿಯುತ್ತದೆ.

ನಾಗಶ್ರೀ ಬೆಳೆದು ಕುರಿಗಳಿಗೆ ಸೂಜಿ ಹಾಕುವ ಕೆಲಸ ಕಲಿತಳು. ಕರುಳುಬೇನೆ ಬರುವ ಕಾಲಕ್ಕೆ ಔಷಧಿ ಡಬ್ಬಿ ಕಟ್ಟಿಕೊಂಡು ಸ್ಕೂಟಿಯಲ್ಲಿ ಹಟ್ಟಿಯಿಂದ ಹಟ್ಟಿಗೆ ತಿರುಗುತ್ತಾಳೆ. ಟಗರು ಗುದ್ದಿದರೆ ಬೈಯುತ್ತಾಳೆ, ಕುರಿಯವರು ಸುಳ್ಳು ಹೇಳಿದರೆ ಅವರನ್ನೂ ಬೈಯುತ್ತಾಳೆ. ಇಂಥವಳಿಗೆ ಬಾಗೂರಿನಿಂದ ಸಂಬಂಧ ಬಂತು. ಹುಡುಗ ಶಿವರಾಜ್, ಹೊಸದುರ್ಗದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಜಾತಕ ಕೂಡಿತು, ವೀಳ್ಯಶಾಸ್ತ್ರಕ್ಕೆ ದಿನ ಗೊತ್ತಾಯಿತು. ಹುಡುಗಿ ಅವನನ್ನು ಮನಸಾರೆ ಮೆಚ್ಚಿದ್ದಳು. ಅವನ ಫೋನ್ ಬಂದರೆ ಕೈಯಲ್ಲಿದ್ದ ಕುರಿಮರಿಯನ್ನೂ ಕೆಳಗಿಡದೆ ಮಾತಾಡುತ್ತಿದ್ದಳು.

ಅಷ್ಟರಲ್ಲಿ ಟಿವಿಯಲ್ಲಿ ಶುರುವಾಯಿತು. ಆರಿದ್ರಾ ನಕ್ಷತ್ರ ಮಂಕಾಗಿದೆ, ಇನ್ನೇನು ಸಿಡಿಯುತ್ತದೆ, ಸಿಡಿದರೆ ಆ ನಕ್ಷತ್ರದವರ ಗತಿ ಏನು ಎಂದು ಶಾಲು ಹೊದ್ದವನೊಬ್ಬ ಬೆಳಗ್ಗೆ ಸಂಜೆ ಅರಚಿದ. ಹಿಂದೆಯೇ ಶಂಖ ಊದುವ ಸದ್ದು, ಬೆಂಕಿಯುಂಡೆಯ ಚಿತ್ರ. ನಮ್ಮೂರ ಜನ ರಾಗಿ ಮುದ್ದೆ ನುಂಗುತ್ತಾ ಬಾಯಿ ಬಿಟ್ಟುಕೊಂಡು ನೋಡಿದರು.

ಶಿವರಾಜ್ ಆ ವಾರವೇ ನಮ್ಮ ಮನೆಗೆ ಬಂದ. ಹೊತ್ತು ಮುಳುಗಿದ ಮೇಲೆ ಅಂಗಳದಲ್ಲಿ ನಿಂತು, ಸಾಲಾಗಿ ಹೊಳೆಯುವ ಮೂರು ಚುಕ್ಕಿಗಳ ಪಕ್ಕದ ಕೆಂಪು ನಕ್ಷತ್ರವನ್ನು ನಾಗಶ್ರೀಗೆ ತೋರಿಸಿದ. ಈಗ ಕಾಣುವುದು ಹಳೆಯ ಬೆಳಕು, ಚಿತ್ರದುರ್ಗಕ್ಕೆ ಪಾಳೇಗಾರರು ಬರುವ ಮೊದಲೇ ಅಲ್ಲಿಂದ ಹೊರಟದ್ದು ಎಂದ. ಸಿಡಿಯುವುದು ನಾಳೆಯೋ ಲಕ್ಷ ವರ್ಷಕ್ಕೋ ಯಾರಿಗೂ ಗೊತ್ತಿಲ್ಲ, ಸಿಡಿದರೂ ಕೆಲವು ತಿಂಗಳು ಹಗಲಲ್ಲೇ ಕಂಡೀತು, ನಮ್ಮ ಒಂದು ಕೂದಲೂ ಕೊಂಕುವುದಿಲ್ಲ ಎಂದ. ಎಷ್ಟು ಚೆನ್ನಾಗಿ ಹೇಳಿದ ಅಂದರೆ, ನನಗೂ ಅವನ ಮೇಲೆ ಅಭಿಮಾನ ಬಂತು. ಆ ಅಭಿಮಾನಕ್ಕೆ ಈಗ ನಾಚಿಕೆಯಾಗುತ್ತದೆ.

ಅವನ ತಾಯಿ ಕೊಟ್ರಮ್ಮ ಟಿವಿ ನೋಡಿ ಹಾಸಿಗೆ ಹಿಡಿಯುವಂತಾಗಿದ್ದರು. ವೀಳ್ಯಶಾಸ್ತ್ರಕ್ಕೆ ಎರಡು ದಿನ ಇದ್ದಾಗ ಮಗನನ್ನು ಕರೆದುಕೊಂಡು ಬಂದರು. ನಕ್ಷತ್ರವೇ ಒಡೆಯುವಾಗ ಆ ನಕ್ಷತ್ರದ ಹುಡುಗಿ ಮನೆ ಒಡೆಯದೆ ಬಿಡುತ್ತಾಳೆಯೇ ಎಂಬುದು ಅವರ ಮಾತು. ನನ್ನ ತಮ್ಮ ಬೆವರು ಒರೆಸಿಕೊಂಡ. ಬರೆಸಿದ್ದು ಸುಳ್ಳು ಎನ್ನೋಣವೆಂದರೆ ನಿಜ ಇನ್ನೂ ಕೆಟ್ಟದ್ದು. ಶಿವರಾಜ್ ಫೋನಿನಲ್ಲಿ ಮುಖ ಹುದುಗಿಸಿ ಕೂತಿದ್ದ.

ನಾಗಶ್ರೀ ಕೆಲಸ ಮುಗಿಸಿ ಬಂದವಳು ಅವನನ್ನು ಕುರಿರೊಪ್ಪದ ಹತ್ತಿರ ಕರೆದಳು. ನಾನು ಅಲ್ಲೇ ಮರಿಗಳಿಗೆ ನೀರಿಡುತ್ತಿದ್ದೆ.

"ನನಗೆ ಹೇಳಿದ್ದನ್ನ ನಿಮ್ಮಮ್ಮಗೂ ಒಂದ್ಸಲ ಹೇಳ್ರಿ," ಎಂದಳು.

"ಅಮ್ಮಗೆ ಅದೆಲ್ಲ ಹೇಳಿದ್ರೆ ಬಿಪಿ ಏರ್ತೈತೆ. ನಿಮ್ಮಪ್ಪಗೆ ಹೇಳಿ ಪುನರ್ವಸು ಅಂತ ಇನ್ನೊಂದು ಜಾತಕ ಬರೆಸು. ಹೆಂಗಿದ್ರೂ ಇದೆಲ್ಲ ಸುಳ್ಳೇ ತಾನೆ?"

ಥೂ. ನನ್ನ ತಮ್ಮ ಓದದೆ ಮಾಡಿದ ಕೆಲಸವನ್ನು ಇವನು ಓದಿಕೊಂಡು ಮಾಡಿಸಲು ಹೊರಟಿದ್ದ. ಕೈಯಲ್ಲಿದ್ದ ಬಕೆಟ್ಟನ್ನು ಅವನ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಸುರಿಯಬೇಕು ಅನ್ನಿಸಿತು.

ನಾಗಶ್ರೀ ನೇರ ಒಳಗೆ ಹೋಗಿ ಕೊಟ್ರಮ್ಮನ ಎದುರು ಚಾಪೆಯ ಮೇಲೆ ಕೂತಳು.

"ಹೆದರ್ಕಬೇಡ್ರಿ. ನಾನು ಆರಿದ್ರದೋಳಲ್ಲ, ಆಶ್ಲೇಷದೋಳು. ಅಪ್ಪ ಬದಲಾಯಿಸಿ ಬರೆಸಿದ್ದು."

ಕೊಟ್ರಮ್ಮ ಕಾಫಿ ಲೋಟ ಕೆಳಗಿಟ್ಟು, "ಏಳೋ ಶಿವು," ಎಂದರು. ಅವನು ಎದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ತಾಯಿಯ ಹಿಂದೆ ಹೊರಟ. ಅವರು ಹೋದ ಮೇಲೆ ನನ್ನ ತಮ್ಮ ಮಗಳನ್ನು ಬಾಯಿಗೆ ಬಂದಂತೆ ಬೈದ. ಅವಳು ರೊಪ್ಪಕ್ಕೆ ಹೋಗಿ, ಒಂದು ಮರಿಯನ್ನು ತಬ್ಬಿಕೊಂಡು ಅತ್ತಳು. ಮೆಚ್ಚಿದ ಹುಡುಗ ಕೈಬಿಟ್ಟು ಹೋದರೆ ಯಾರಿಗಾದರೂ ಅಳು ಬರುತ್ತದೆ. ನಾನು ಹೋಗಿ ಪಕ್ಕದಲ್ಲಿ ಕೂತೆ.

ಬೇಸಿಗೆ ಹತ್ತಿರ ಬಂದಾಗ ಆ ನಕ್ಷತ್ರ ಮತ್ತೆ ಮೊದಲಿನ ಹಾಗೆ ಹೊಳೆಯತೊಡಗಿತಂತೆ. ಶಾಲು ಹೊದ್ದವನು ಬೇರೆ ಯಾವುದೋ ಗ್ರಹ ಹಿಡಿದುಕೊಂಡು ಕೂತ. ಒಂದು ಬೆಳಗ್ಗೆ ನಾಗಶ್ರೀ ಔಷಧಿ ಡಬ್ಬಿಗೆ ಐಸ್ ತುಂಬುತ್ತಿದ್ದಾಗ ಶಿವರಾಜನ ಮೆಸೇಜು ಬಂತು. ಓದಿ, ನನ್ನ ಕೈಗೆ ಫೋನ್ ಕೊಟ್ಟಳು. ನಕ್ಷತ್ರಕ್ಕೆ ಏನೂ ಆಗಿಲ್ಲ ಎಂದು ವಿಜ್ಞಾನಿಗಳೇ ಹೇಳಿದ್ದಾರೆ, ಅಮ್ಮನ ಭಯವೂ ಹೋಗಿದೆ, ಅವತ್ತು ಆಶ್ಲೇಷಾ ಅಂದದ್ದು ಸಿಟ್ಟಿನಲ್ಲಿ ಹೇಳಿದ ಸುಳ್ಳು ಅಂತ ನೀನು ಒಂದು ಮಾತು ಹೇಳಿದರೆ ಸಾಕು, ಈ ತಿಂಗಳಲ್ಲೇ ಶಾಸ್ತ್ರ ಮುಗಿಸೋಣ ಎಂದು ಬರೆದಿದ್ದ.

ಅವಳು ಫೋನ್ ವಾಪಸು ಇಸಿದುಕೊಂಡು ಒಂದೇ ಸಾಲು ಟೈಪ್ ಮಾಡಿ, ಕಳಿಸುವ ಮೊದಲು ನನಗೆ ಓದಿ ಹೇಳಿದಳು:

"ನಾನು ಹುಟ್ಟಿದ ದಿನವೇ ಹುಟ್ಟಿದ್ದೀನಿ, ಸರ್."

ಆಮೇಲೆ ಅದನ್ನು ಕಳಿಸಿ, ಡಬ್ಬಿಯ ಮುಚ್ಚಳ ಹಾಕಿ, ಕುರಿಗಳು ಮೇಯಲು ಹೋಗುವ ಮೊದಲೇ ಹಟ್ಟಿ ಸೇರಬೇಕೆಂದು ಹೊರಟಳು.