ಇಪ್ಪತ್ತೇಳನೆಯ ಪುಡಿ

ಬಂಗಾಳದ ಜಾದವ್‌ಪುರದ ಲ್ಯಾಬಿನಲ್ಲಿ ಡಾಕ್ಟರೇಟಿಗೆಂದು ನಾನು ನಾಲ್ಕು ವರ್ಷ ಮಾಡಿದ್ದು ಒಂದೇ ಕೆಲಸ. ಕ್ಯಾನ್ಸರ್ ಜೀವಕೋಶ ಒಂದು ಎರಡಾಗುವುದನ್ನು ತಡೆಯಬಲ್ಲ ರಾಸಾಯನಿಕವನ್ನು ಕಾಗದದ ಮೇಲೆ ಬರೆಯುವುದು, ಫ್ಲಾಸ್ಕಿನಲ್ಲಿ ತಯಾರಿಸುವುದು, ಜೀವಕೋಶಗಳ ಮೇಲೆ ಹಾಕಿ ನೋಡುವುದು. ಇಪ್ಪತ್ತಾರು ಪುಡಿಗಳು ಮಣ್ಣುಪಾಲಾದವು. ಇಪ್ಪತ್ತೇಳನೆಯದನ್ನು ಹಾಕಿದ ತಟ್ಟೆಯಲ್ಲಿ ಜೀವಕೋಶಗಳು ಹೆಚ್ಚುವುದನ್ನೇ ನಿಲ್ಲಿಸಿದವು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಭಾನುವಾರ ಬಾರಾನಗರದ ಅಕ್ಕನ ಮನೆಗೆ ಊಟಕ್ಕೆ ಹೋದೆ. ಒಡಹುಟ್ಟಿದ ಅಕ್ಕನಲ್ಲ, ರೈಲ್ವೆ ನೌಕರರೊಬ್ಬರ ಹೆಂಡತಿ, ಮೈಸೂರಿನವರು, ವಾರಕ್ಕೊಮ್ಮೆ ಹುಳಿ ಅನ್ನ ಹಾಕಿ ನನ್ನನ್ನು ಸಾಕಿದವರು. ಅವರ ಎದೆಯ ಗಂಟು ಕ್ಯಾನ್ಸರ್ ಎಂದು ಆಗಷ್ಟೇ ಗೊತ್ತಾಗಿತ್ತು. ಕೀಮೋಗೆ ಆಸ್ಪತ್ರೆಯವರು ದಿನ ಕೊಟ್ಟಿದ್ದರು. ಕೂದಲು ಉದುರುತ್ತದಂತೆ ಎಂದು ಹೆದರಿ ಕೂತಿದ್ದರು. ಉಂಡು ಬಾಯಿ ಮುಚ್ಚಿಕೊಂಡು ಬರಬಹುದಿತ್ತು ನಾನು. ಎಲ್ಲಿ ಬಂತು ಆ ಬುದ್ಧಿ! ಆಸ್ಪತ್ರೆ ಔಷಧಿಗೆ ಕಳೆ ಯಾವುದು, ಪೈರು ಯಾವುದು ಗೊತ್ತಾಗುವುದಿಲ್ಲ, ನಾನು ಮಾಡಿದ್ದಕ್ಕೆ ಗೊತ್ತಾಗುತ್ತೆ ಎಂದು ಕೊಚ್ಚಿಕೊಂಡೆ. ಅದು ಮನುಷ್ಯರ ತನಕ ಬರಲು ವರ್ಷಗಟ್ಟಲೆ ಬೇಕೆಂಬುದನ್ನು ಮಾತ್ರ ನುಂಗಿಕೊಂಡೆ. ಹೇಳಿದ್ದರೆ ನನ್ನ ದೊಡ್ಡಸ್ತಿಕೆ ಕಡಿಮೆಯಾಗುತ್ತಿತ್ತು.

ಎರಡು ತಿಂಗಳಾದ ಮೇಲೆ ಗೈಡ್ ಪರೀಕ್ಷೆಯನ್ನು ಮತ್ತೆ ಮಾಡಿಸಿದರು. ಪುಡಿ ಕರಗಿಸುವ ದ್ರಾವಕವನ್ನಷ್ಟೇ ಹಾಕಿದ ತಟ್ಟೆಯೊಂದನ್ನು ಪ್ರತಿ ಸಲವೂ ಪಕ್ಕದಲ್ಲಿ ಇಡಬೇಕು; ಅದು ನಮ್ಮ ಕಸುಬಿನ ಅ ಆ ಇ ಈ. ಇಪ್ಪತ್ತೇಳನೆಯದು ಸುಲಭಕ್ಕೆ ಕರಗಲಿಲ್ಲವೆಂದು ನಾನು ದ್ರಾವಕವನ್ನು ಜಾಸ್ತಿ ಸುರಿದಿದ್ದೆ. ಆ ಪಕ್ಕದ ತಟ್ಟೆಯನ್ನು ಇಡಲು ಸೋಮಾರಿತನವಾಗಿ ಹಿಂದಿನ ಪುಡಿಗಳ ಜೊತೆ ಇಟ್ಟಿದ್ದರ ಫಲಿತಾಂಶವನ್ನೇ ಬರೆದಿದ್ದೆ. ಈ ಸಲ ಇಟ್ಟೆ. ಬರೀ ದ್ರಾವಕಕ್ಕೇ ಜೀವಕೋಶಗಳು ನಿಂತುಹೋದವು. ನನ್ನ ಪುಡಿ ಏನೂ ಮಾಡಿರಲಿಲ್ಲ. ಗೈಡ್ ಎಲ್ಲರೆದುರು ಬಂಗಾಳಿಯಲ್ಲಿ ಬೈದರು, ನನಗೆ ಪೂರ್ತಿ ಅರ್ಥವಾಗಲೆಂದು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಬೈದರು.

ಭಾನುವಾರ ಅಕ್ಕನ ಮುಂದೆ ನಡೆದದ್ದನ್ನೆಲ್ಲ ಹೇಳಿ ಅತ್ತುಬಿಟ್ಟೆ. ನನ್ನ ಮಾನ ಹೋಯಿತೆಂದು ಅತ್ತೆ, ನಾಚಿಕೆಗೆಟ್ಟವಳು. ಅವರು ಹುಳಿಯ ಸೌಟನ್ನು ಪಾತ್ರೆಗೆ ವಾಪಸ್ ಬಿಟ್ಟರು.

“ನಿನ್ನ ಔಷಧಿ ಬರ್ಲಿ ಅಂತ ನಾನು ಆಸ್ಪತ್ರೆಗೆ ಹೋಗ್ಲೇ ಇಲ್ಲ ಕಣೇ,” ಎಂದರು. ಗಂಡನಿಗೆ ಡಾಕ್ಟರೇ ಮುಂದಕ್ಕೆ ಹಾಕಿದ್ದಾರೆಂದು ಸುಳ್ಳು ಹೇಳಿದ್ದರಂತೆ.

ಎರಡು ತಿಂಗಳು ಪ್ರತಿ ಭಾನುವಾರ ಅವರ ದಪ್ಪ ಜಡೆಯನ್ನು ನೋಡುತ್ತಲೇ ಉಂಡಿದ್ದೆ. ಕೂದಲು ಉದುರಿಲ್ಲವಲ್ಲ, ಯಾಕೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಆ ವಾರವೇ ಕೀಮೋ ಶುರುವಾಯಿತು. ಅಷ್ಟರಲ್ಲಿ ಕ್ಯಾನ್ಸರ್ ಲಿವರಿಗೆ ಹರಡಿತ್ತು. ಜಡೆಯೂ ಹೋಯಿತು. ಕೊನೆಯ ಸಲ ನೋಡಲು ಹೋದಾಗ ಅವರು ನನ್ನ ಕೈ ಹಿಡಿದುಕೊಂಡು ಕೇಳಿದರು: “ನಿಂಗೆ ಡಾಕ್ಟರೇಟ್ ಸಿಗುತ್ತೆ ತಾನೆ?”

ಸಿಕ್ಕಿತು. ಇಪ್ಪತ್ತೇಳನೆಯದರ ಬಗ್ಗೆ ನನ್ನ ಪ್ರಬಂಧದಲ್ಲಿ ಒಂದು ಸಾಲಿದೆ, ಪರಿಣಾಮವಿಲ್ಲ ಎಂದು. ಅಕ್ಕನ ಬಗ್ಗೆ ಅಷ್ಟೂ ಇಲ್ಲ.