ಹತ್ತಿ ಕಚ್ಚಿಕೊಂಡು ಮಾಡಿದ ಈರುಳ್ಳಿ ವ್ಯಾಪಾರ

ಶಿವನಿಯ ಜುಬೇದಕ್ಕನ ಮನೆಯಲ್ಲಿ ಮೂವತ್ತು ಚೀಲ ಈರುಳ್ಳಿ ಇತ್ತು. ಆಕೆ ಹೇಳುವ ರೇಟಿನಲ್ಲಿ ಚೀಲಕ್ಕೆ ನೂರು ರೂಪಾಯಿಯಾದರೂ ಇಳಿಸಿಯೇ ಕೊಂಡು ತರುತ್ತೇನೆಂದು ಕಡೂರಿನಿಂದ ಹೊರಟಿದ್ದೆ.

ಹೊರಗೆ ಜಡಿಮಳೆ. ಕೂತ ತಕ್ಷಣ ಆಕೆ ಹೆಚ್ಚಿದ ಸೌತೆಕಾಯಿ, ಒಂದು ಲೋಟ ತಣ್ಣೀರು ತಂದಿಟ್ಟಳು. ಮಳೆಗಾಲದಲ್ಲಿ ನಾನು ಕಂಡವರ ಮನೆಯಲ್ಲಿ ಹಸಿಯದ್ದು ತಿನ್ನುವುದಿಲ್ಲ, ಕುದಿಸದ ನೀರು ಮುಟ್ಟುವುದಿಲ್ಲ. ಹಾಗಂತ ಬೇಡವೆಂದರೆ ವ್ಯಾಪಾರ ಅಲ್ಲಿಗೇ ಮುಗಿಯುತ್ತದೆ.

“ಹಲ್ಲುನೋವು ಅಕ್ಕಾ, ಬಿಸಿಯದ್ದು ಬಿಟ್ರೆ ಏನೂ ಆಗಲ್ಲ” ಎಂದು ದವಡೆ ಹಿಡಿದುಕೊಂಡೆ.

“ಅಯ್ಯೋ ಪಾಪ” ಎಂದವಳು ಬಿಸಿಬಿಸಿ ಗಂಜಿ ತಂದಳು. ಕುಡಿದು ಮುಗಿಸುತ್ತಲೇ ಲವಂಗದೆಣ್ಣೆಯ ಹತ್ತಿ ಕೊಟ್ಟು, “ಕಚ್ಕೊಳ್ರೀ. ಅರ್ಧ ಗಂಟೆ ಬಾಯಿ ಬಿಡಬಾರ್ದು” ಎಂದಳು.

ಕಚ್ಚಿಕೊಂಡೆ. ಆಕೆ ಎದುರಿಗೆ ಕೂತು ರೇಟು ಹೇಳಿದಳು. ಹತ್ತಿ ಉಗಿದರೆ ಸುಳ್ಳು ಬಯಲಾಗುತ್ತದೆ. ಆಗಲ್ಲವೆಂದು ಬರೀ ತಲೆಯಾಡಿಸಿದೆ.

“ನೋವಾ? ಇನ್ನೂ ಗಟ್ಟಿಯಾಗಿ ಕಚ್ರೀ.”

ಕೊನೆಗೆ ಆಗಲೆಂದು ತಲೆಯಾಡಿಸಿದೆ.

ಹೊರಡುವಾಗ ಆಕೆ, “ಆ ಲೋಟದಲ್ಲಿದ್ದದ್ದೂ ಕುದಿಸಿ ಆರಿಸಿದ ನೀರೇ ಸಾವ್ಕಾರ್ರೇ. ಕೇಳಿದ್ರೆ ಹೇಳ್ತಿದ್ದೆ” ಎಂದಳು.

ಒಟ್ಟು ಗಿಟ್ಟಿದ್ದು ಆಕೆ ಹೇಳಿದ ರೇಟಿಗೆ ಮೂವತ್ತು ಚೀಲ, ಕೆಡದ ಹೊಟ್ಟೆ, ನೋವೇ ಇಲ್ಲದ ಹಲ್ಲಿಗೆ ಪುಕ್ಕಟೆ ಔಷಧಿ.